ಪತ್ತಾರ ಮೋನಪ್ಪನ ಜೋಮು ಹಿಡಿದ ಬೆರಳು

ಯಲಬುರ್ಗಾದ ಅಕ್ಕಸಾಲಿಗ ಪತ್ತಾರ ಮೋನಪ್ಪ ಕೂಸುಗಳ ಕಿವಿ ಚುಚ್ಚುವುದರಲ್ಲಿ ಹೆಸರಾದವನು. ಒಡವೆ ಮಾಡಿಸುವವರು ಕೊಪ್ಪಳದ ದೊಡ್ಡ ಅಂಗಡಿಗಳ ಕಡೆ ಮುಖ ಮಾಡಿ ವರ್ಷಗಳೇ ಆಗಿದ್ದವು. ಕಿವಿ ಚುಚ್ಚಿಸಲು ಮಾತ್ರ ಅವನೇ ಬೇಕು. ತಳಕಲ್, ಇಟಗಿ, ಕುಷ್ಟಗಿ ಕಡೆಯ ಹಳ್ಳಿಗಳು, ಎಲ್ಲಿಂದ ಫೋನು ಬಂದರೂ ಬೈಕು ಹತ್ತಿ ಹೊರಡುತ್ತಿದ್ದ. ಅವನ ವಿದ್ಯೆಯೆಲ್ಲ ಎಡಗೈಯ ಹೆಬ್ಬೆರಳು, ತೋರುಬೆರಳಲ್ಲಿತ್ತು. ಕೂಸಿನ ಕಿವಿಹಾಲೆಯನ್ನು ಆ ಎರಡು ಬೆರಳ ನಡುವೆ ಹಿಡಿದು ಹಗುರವಾಗಿ ಹೊಸೆದರೆ ಸಾಕು, ಎಲ್ಲಿ ಮೆತ್ತಗಿದೆ, ಎಲ್ಲಿ ಗಡುಸು, ಯಾವ ಜಾಗ ಬಿಡಬೇಕು ಎಂಬುದು ತಿಳಿದುಬಿಡುತ್ತಿತ್ತು. ಬಂಗಾರದ ತಂತಿಯ ಮೊನೆ ಆಚೆ ಬಂದಮೇಲೆಯೇ ಕೂಸು ಅಳುವುದು.

ಬೈಕು ಹಳೆಯದು. ಏಳು ವರ್ಷದ ಕೆಳಗೆ ಕುಷ್ಟಗಿಯಲ್ಲಿ ಯಾರಿಂದಲೋ ಕೊಂಡದ್ದು. ವೇಗ ನಲವತ್ತು ದಾಟಿತೋ ಇಲ್ಲವೋ, ಇಂಜಿನ್ನಿನ ನಡುಕ ಹ್ಯಾಂಡಲ್ಲಿಗೆ ಏರಿ ಅಂಗೈಯಿಂದ ಮೊಣಕೈ ತನಕ ಹರಿಯುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತಿರಲಿಲ್ಲ, ಬರೀ ಬಣ್ಣ ಅಲುಗಾಡುತ್ತಿತ್ತು. ಮೋನಪ್ಪ ಅದಕ್ಕೂ ಒಗ್ಗಿಕೊಂಡ. ಇಳಿದಮೇಲೆ ಬೆರಳು ಸ್ವಲ್ಪ ಹೊತ್ತು ಜುಮ್ಮೆನ್ನುತ್ತಿದ್ದವು, ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಸರಿಹೋಗುತ್ತಿದ್ದವು. ವರ್ಷ ಕಳೆದಂತೆ ಒಂದು ಚಹಾ ಸಾಲದಾಯಿತು. ಕಡೆಕಡೆಗೆ ಊರ ಹೊರಗೇ ಬೈಕು ನಿಲ್ಲಿಸಿ, ಬೇವಿನ ಗಿಡದ ಕೆಳಗೆ ಅರ್ಧ ತಾಸು ಕೈ ತಿಕ್ಕುತ್ತ ಕೂತು, ಆಮೇಲೆ ಊರೊಳಗೆ ಹೋಗುವುದು ರೂಢಿಯಾಯಿತು. ಕಾದು ಕೂತವರಿಗೆ “ಗಾಲಿ ಪಂಚರ್ ಆಗಿತ್ರಿ” ಎಂದುಬಿಡುತ್ತಿದ್ದ.

ಈ ಸಲದ ಚಳಿಯಲ್ಲಿ ಒಂದು ಬೆಳಿಗ್ಗೆ ಇಟಗಿಯಲ್ಲಿ ಇಳಿದು ನೋಡಿಕೊಂಡರೆ, ಎಡಗೈಯ ಮೂರು ಬೆರಳ ತುದಿ ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ಅವು ತನ್ನ ಬೆರಳೇ ಅಲ್ಲವೆನಿಸಿತು. ಗಾಬರಿಯಿಂದ ಬಾಯಿಗೆ ಹಿಡಿದು ಊದಿದ, ಕಂಕುಳಲ್ಲಿ ಒತ್ತಿಕೊಂಡ. ಬಹಳ ಹೊತ್ತಿನ ಮೇಲೆ ನೆತ್ತರು ಹರಿದು ಬೆರಳು ಕೆಂಪಾದವು. ಅದರ ಜೊತೆ ಚುಚ್ಚುವ ನೋವೂ ಬಂತು.

ಆ ವಾರವೇ ಮನೆಯಲ್ಲಿ ಮಗಳು ಅಮೃತಾ ಚಹಾ ತಂದು ಕೊಟ್ಟಳು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಹುಡುಗಿ, ತಾಯಿಯಿಲ್ಲದ ಮನೆಯನ್ನು ಅವಳೇ ನಡೆಸುತ್ತಿದ್ದಳು. ಅವನು ಸ್ಟೀಲಿನ ಲೋಟವನ್ನು ಹಿಡಿದೇ ಕೂತ.

“ಯಪ್ಪಾ, ಲೋಟ ಬಿಡು! ಕೈ ಸುಡಾಕತ್ತೈತಿ!”

ನೋಡಿದರೆ ತೋರುಬೆರಳು ಕೆಂಪಗೆ ಬೊಬ್ಬೆ ಎದ್ದಿತ್ತು.

“ಗೊತ್ತಾಗ್ಲಿಲ್ಲೇನು ನಿನಗ?”

“ಏನೋ ವಿಚಾರದಾಗ ಇದ್ದೆ ಬಿಡವ್ವ.”

ಮಧ್ಯಾಹ್ನ ಅವಳು ಹಿಟ್ಟಿನ ಗಿರಣಿಗೆ ಹೋದಾಗ ಬಚ್ಚಲಮನೆಯ ಬಾಗಿಲು ಹಾಕಿಕೊಂಡ. ಕಣ್ಣು ಮುಚ್ಚಿ, ತಂತಿಯ ಮೊನೆಯಿಂದ ಒಂದೊಂದೇ ಬೆರಳನ್ನು ಒತ್ತಿದ. ಹೆಬ್ಬೆರಳಿಗೆ ಮಸುಕಾಗಿ ತಿಳಿಯಿತು. ತೋರುಬೆರಳಿಗೆ ಏನೂ ಇಲ್ಲ. ಇನ್ನೂ ಒತ್ತಿದ. ಕಣ್ಣು ತೆರೆದಾಗ ಬೆರಳ ತುದಿಯಲ್ಲಿ ನೆತ್ತರ ಹನಿ ನಿಂತಿತ್ತು. ಅಪ್ಪನಿಗೆ ಲಕ್ವ ಹೊಡೆದಾಗ ಮೊದಲು ಬಿದ್ದದ್ದು ಎಡಗೈಯೇ. ಯಾರಿಗೆ ಹೇಳುವುದು? ಪತ್ತಾರನ ಕೈಗೆ ಸ್ಪರ್ಶವಿಲ್ಲ ಎಂದು ಒಂದು ಊರಲ್ಲಿ ಸುದ್ದಿಯಾದರೆ ಸಾಕು, ಯಾವ ತಾಯಿ ತಾನೇ ಕೂಸನ್ನು ಮುಂದೆ ತಂದಾಳು! ಹೇಳದೆ ಕೂಸಿನ ಕಿವಿ ಹಿಡಿಯುವುದು ಹೇಗೆ ಎಂದು ಮಾತ್ರ ಅವನು ಯೋಚಿಸಲಿಲ್ಲ. ಯೋಚಿಸಲು ಭಯವಾಯಿತು.

ಮೂರನೆಯ ದಿನ ತಳಕಲ್ಲಿನಿಂದ ಹಂಪವ್ವನ ಫೋನು. ಅವಳ ಮಕ್ಕಳೆಲ್ಲರ ಕಿವಿ ಚುಚ್ಚಿದವನು ಮೋನಪ್ಪನೇ. ಈಗ ಸೊಸೆ ಅನುಸೂಯಾಳ ಮಗಳಿಗೆ ಹನ್ನೊಂದು ತಿಂಗಳು. “ನಾಳಿ ಮುಂಜಾನಿ ಬಂದಬಿಡಪ್ಪ” ಎಂದಳು. ಬರುವುದಿಲ್ಲ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

ಮರುದಿನ ತಳಕಲ್ ಇನ್ನೂ ದೂರವಿರುವಾಗ ತಿರುವಿನಲ್ಲಿ ಕುರಿಗಳ ಹಿಂಡು ಅಡ್ಡಬಂತು. ಮೋನಪ್ಪ ಬ್ರೇಕು ಹಿಡಿದ. ಅಷ್ಟರಲ್ಲಿ ಬಲಗೈಗೂ ಜೋಮು ಹಿಡಿದಿತ್ತು, ಹಿಡಿದೆನೋ ಇಲ್ಲವೋ ತಿಳಿಯಲಿಲ್ಲ. ಬೈಕು ಓಡುತ್ತಲೇ ಇತ್ತು. ಕಾಲಿನಿಂದ ಬ್ರೇಕು ಒತ್ತಿದಾಗ ಹಿಂದಿನ ಗಾಲಿ ಜಾರಿ, ಹಿಂಡಿನ ಕೊನೆಯ ಮರಿಗೆ ಒಂದು ಗೇಣು ಬಿಟ್ಟು ನಿಂತಿತು.

“ಕಣ್ಣು ಕಾಣ್ತಾವಿಲ್ಲೋ ನಿನಗ?” ಕುರಿಯವನು ಬೈದ.

ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದವು. ಮೋನಪ್ಪ ಬೈಕನ್ನು ಬದಿಗೆ ತಳ್ಳಿ ಹಿಂಡಿಗೆ ದಾರಿ ಬಿಟ್ಟ.

ಹಂಪವ್ವನ ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಕೂಸಿಗೆ ಹೊಸ ಅಂಗಿ, ಅನುಸೂಯಾಳ ಅಣ್ಣನ ತೊಡೆಯ ಮೇಲೆ ಕೂತು ಬೆಲ್ಲ ಚೀಪುತ್ತಿತ್ತು. ಮೋನಪ್ಪ ಬಿಸಿನೀರು ಕೇಳಿ ಕೈ ತೊಳೆದ, ಒರೆಸಿದ, ಮತ್ತೆ ತೊಳೆದ.

“ಇವತ್ತ್ಯಾಕ ಇಷ್ಟ ತಡಾ ಮಾಡಾಕತ್ತಿ?” ಹಂಪವ್ವ ಕೇಳಿದಳು.

“ಆತ್ರಿ ಅವ್ವಾರ.”

ಕಿವಿಯ ಮೇಲೆ ಕಾಡಿಗೆಯ ಚುಕ್ಕಿ ಇಟ್ಟಿದ್ದರು. ಅವನು ಕಿವಿಹಾಲೆಯನ್ನು ಎರಡು ಬೆರಳ ನಡುವೆ ತೆಗೆದುಕೊಂಡ. ಹಿಡಿದದ್ದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಏನೂ ಬರಲಿಲ್ಲ. ಹೊಸೆದ. ಏನೂ ಇಲ್ಲ. ಚುಕ್ಕಿಯಂತೂ ಕಾಣುತ್ತಿದೆಯಲ್ಲ ಎಂದು ತಂತಿ ಇಟ್ಟು ಒತ್ತಿದ.

ಅದೇ ಹೊತ್ತಿಗೆ ಕೂಸು ಕತ್ತು ತಿರುಗಿಸಿತು. ಕಿವಿ ಬೆರಳಿನಿಂದ ಜಾರಿಹೋದದ್ದು ಅವನಿಗೆ ಗೊತ್ತಾಗಲಿಲ್ಲ. ನೆತ್ತರು ಹೊಸ ಅಂಗಿಯ ಮೇಲೆ ಬಿತ್ತು, ಕೂಸಿನ ಕೆನ್ನೆಗೆ ಹತ್ತಿತು. ಅನುಸೂಯಾ ಚೀರಿದಳು. ಚೀರಿದ್ದಕ್ಕೆ ಕೂಸು ಬೆಚ್ಚಿ ಅಳತೊಡಗಿತು. ಮೋನಪ್ಪನ ಕಣ್ಣು ಕತ್ತಲೆಗಟ್ಟಿದವು. ಎಲ್ಲಿ ಚುಚ್ಚಿದೆ? ಕಣ್ಣಿಗೆ ತಾಗಿತೇ? ನೆತ್ತರು ಯಾರದು? ಅವನ ಕೈ ಅವನಿಗೆ ಏನನ್ನೂ ಹೇಳಲಿಲ್ಲ.

ಹಂಪವ್ವ ಸೆರಗಿನಿಂದ ಕೂಸಿನ ಮುಖ ಒರೆಸಿ, ಕಿವಿ ತಿರುವಿ ನೋಡಿದಳು. ಗೀರು ಕೂಡ ಇರಲಿಲ್ಲ. ಆಗ ಅವಳ ಕಣ್ಣು ಅವನ ಕೈ ಮೇಲೆ ಹೋಯಿತು. ತಂತಿ ತೋರುಬೆರಳಲ್ಲಿ ಆಳವಾಗಿ ಕೂತಿತ್ತು.

“ರಕ್ತ ನಂದ್ರೀ” ಎಂದ ಮೋನಪ್ಪ. “ನನ್ನ ಬೆರಳಿಗೆ ಏನೂ ತಿಳಿಯವಲ್ದು. ಭಾಳ ದಿನ ಆತು.”

“ತಿಳಿಯವಲ್ದು ಅಂದ್ರ ಬಂದಿ ಯಾಕ?” ಹಂಪವ್ವ ಜೋರು ಮಾಡಲಿಲ್ಲ, ಮೆಲ್ಲಗೆ ಕೇಳಿದಳು.

ಅವನು ತಂತಿಯನ್ನು ಬೆರಳಿನಿಂದ ಎಳೆದು ತೆಗೆದ. ಅನುಸೂಯಾ ಕೂಸನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹಂಪವ್ವ ಅವನ ಬೆರಳಿಗೆ ಅರಿಶಿನ ಒತ್ತಿ ಬಟ್ಟೆ ಕಟ್ಟಿದಳು. ಬೈಕು ಹತ್ತಲು ಅವನಿಗೆ ಧೈರ್ಯ ಬರಲಿಲ್ಲ, ಅವರ ಅಂಗಳದಲ್ಲೇ ಬಿಟ್ಟು ಬಸ್ಸಿಗೆ ಬಂದ.

ಸಂಜೆ ಮಗಳೆದುರು ಎಲ್ಲ ಹೇಳಿ ಅತ್ತುಬಿಟ್ಟ. ಮರುದಿನ ಅಮೃತಾ ಅವನನ್ನು ಕೊಪ್ಪಳಕ್ಕೆ ಕರೆದೊಯ್ದಳು. ಡಾಕ್ಟರಮ್ಮ ಬೆರಳಿಗೆ ಹತ್ತಿ ತಾಗಿಸಿ, ಸೂಜಿ ತಾಗಿಸಿ, ಸಕ್ಕರೆಯ ಪರೀಕ್ಷೆಯನ್ನೂ ಮಾಡಿಸಿದರು, ಬೈಕಿನ ಸಂಗತಿಯನ್ನೂ ಕೇಳಿದರು. “ಲಕ್ವ ಅಲ್ಲ, ಶುಗರ್ ಇಲ್ಲ. ಆ ನಡುಗೋ ಹ್ಯಾಂಡಲ್ ವರ್ಷಾನುಗಟ್ಟಲೆ ಹಿಡಿದು ನರಕ್ಕ ಪೆಟ್ಟು ಬಿದ್ದೈತಿ” ಎಂದರು.

“ಸ್ಪರ್ಶ ತಿರುಗಿ ಬರ್ತೈತ್ರೀ?” ಮೋನಪ್ಪ ಕೇಳಿದ.

“ಬೈಕ್ ಬಿಟ್ರ ಸ್ವಲ್ಪ ಬರಬಹುದು. ಪೂರಾ ಬರ್ತೈತಿ ಅಂತ ಹೇಳಾಂಗಿಲ್ಲ.”

ಮೆಕ್ಯಾನಿಕ್ ರಫೀಕ ತಳಕಲ್ಲಿನಿಂದ ಬೈಕು ತಂದು ಬಿಚ್ಚಿದ. ಇಂಜಿನ್ನನ್ನು ಬೈಕಿನ ಚೌಕಟ್ಟಿಗೆ ಬಿಗಿದ ಬೋಲ್ಟುಗಳಲ್ಲಿ ಒಂದು ತುಂಡಾಗಿತ್ತು, ಉಳಿದವು ಸಡಿಲ. “ಕಾಕಾ, ಇದನ್ನ ಹೆಂಗ ಹೊಡದ್ರಿ? ಯಾವತ್ತರ ತೋರಿಸಬೇಕಿತ್ತಲ್ರಿ!” ಎಂದ. ಬೈಕೆಂದರೆ ಹಾಗೆಯೇ ನಡುಗುವುದು ಎಂದೇ ಮೋನಪ್ಪ ತಿಳಿದಿದ್ದ. ರಫೀಕ ಸರಿಮಾಡಿ ಕೊಟ್ಟರೂ ಅವನು ಮತ್ತೆ ಹತ್ತಲಿಲ್ಲ.

ತಳಕಲ್ಲಿನ ಕೂಸಿಗೆ ಹಂಪವ್ವನ ಮನೆಯವರು ಕೊಪ್ಪಳದ ಆಸ್ಪತ್ರೆಯಲ್ಲಿ ಕಿವಿ ಚುಚ್ಚಿಸಿದರೆಂದು ಕೇಳಿಬಂತು. ನಾಲ್ಕು ತಿಂಗಳಾದರೂ ತೋರುಬೆರಳಿಗೆ ಬಿಸಿ, ತಣ್ಣಗೆ ಅಷ್ಟೇ ತಿಳಿಯುತ್ತಿತ್ತು. ಅಷ್ಟರಲ್ಲಿ ಅಮೃತಾ ಕಲಿಯಲು ಕೂತಿದ್ದಳು. ಮೊದಲು ಬಾಳೆಸಿಪ್ಪೆ, ಆಮೇಲೆ ತೊಗಲಿನ ಚೂರು, ಕೊನೆಗೆ ತನ್ನದೇ ಕಿವಿಗೆ ಎರಡನೆಯ ತೂತು. ಎಲ್ಲಿ ಮೆತ್ತಗಿದೆ, ಎಲ್ಲಿ ಬಿಡಬೇಕು ಎಂದು ಮೋನಪ್ಪ ಬಾಯಲ್ಲಿ ಹೇಳುತ್ತಿದ್ದ, ಅವಳು ಕೈಯಲ್ಲಿ ಹುಡುಕುತ್ತಿದ್ದಳು.

ಬೇಸಿಗೆಯಲ್ಲಿ ಕುಷ್ಟಗಿಯ ಮಹಿಬೂಬಬೀ ಎಂಬವರ ಮನೆಯಿಂದ ಕರೆ ಬಂತು. ತಂದೆ ಮಗಳು ಬಸ್ಸಿನಲ್ಲಿ ಹೋದರು. ಬಾಗಿಲಲ್ಲೇ ಮೋನಪ್ಪ, “ಚುಚ್ಚಾಕಿ ನನ್ನ ಮಗಳರಿ. ನನ್ನ ಕೈ ಈಗ ನಡಿಯಂಗಿಲ್ಲ. ನಿಮಗ ಒಪ್ಪಿಗಿ ಇದ್ರ ಅಷ್ಟ” ಎಂದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಡೆಗೆ ಕೂಸನ್ನು ತಂದರು. ಅಮೃತಾ ಕಿವಿ ಹಿಡಿದಳು, ಹೊಸೆದಳು, ಬಹಳ ಹೊತ್ತು ಹುಡುಕಿದಳು. ಕಣ್ಣು ಮುಚ್ಚಬೇಕೆನಿಸಿದರೂ ಮೋನಪ್ಪ ಮುಚ್ಚಲಿಲ್ಲ. ತಂತಿ ಆಚೆ ಬಂತು. ಆಮೇಲೆ ಕೂಸು ಅತ್ತಿತು.

“ಇನ್ನೊಂದು ಕಿವಿ ಈ ಕಡಿ ತಿರುಗಸ್ರಿ” ಎಂದಳು ಅಮೃತಾ, ಹಣೆಯ ಬೆವರು ಒರೆಸಿಕೊಳ್ಳುತ್ತ.