ನಮ್ಮ ಮನೆಯವರ ಫೋಲ್ಡರ್

ಎರಡು ಸಾವಿರದ ಇಸವಿ ಕಳೆದು ಒಂದಷ್ಟು ವರ್ಷಗಳಾದ ಮೇಲೆ ಬಸವನಗುಡಿಯ ನಮ್ಮ ಬಾಡಿಗೆ ಮನೆಗೆ ಕಂಪ್ಯೂಟರ್ ಬಂತು. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದರು, ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ನಮಗೆ ಮಕ್ಕಳಿಲ್ಲ. ಮನೆಯಲ್ಲಿದ್ದ ಇಬ್ಬರಿಗೂ ಅವರು ಬೇರೆ ಬೇರೆ ಅಕೌಂಟ್ ಮಾಡಿದರು. ಅವರದು ಅಡ್ಮಿನಿಸ್ಟ್ರೇಟರ್, ನನ್ನದು ಲಿಮಿಟೆಡ್. ನಾನು ಟೈಪ್ ಮಾಡಬಹುದಿತ್ತು, ಪ್ರಿಂಟ್ ತೆಗೆಯಬಹುದಿತ್ತು. ಹೊಸದೇನಾದರೂ ಹಾಕಿಕೊಳ್ಳಲು ಹೋದರೆ ಮಾತ್ರ ಪಾಸ್‌ವರ್ಡ್ ಕೇಳುತ್ತಿತ್ತು.

"ರೀ, ಮತ್ತೆ ಕೇಳ್ತಿದೆ" ಎಂದು ಕರೆದರೆ ಅವರು ಪೇಪರ್ ಮಡಚಿಟ್ಟು ಬರುತ್ತಿದ್ದರು. "ಸ್ವಲ್ಪ ಆ ಕಡೆ ನೋಡು" ಎನ್ನುತ್ತಿದ್ದರು. ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಅದರಲ್ಲಿ ನನಗೆ ಬೇಸರವೇನೂ ಇರಲಿಲ್ಲ. ಅವರ ಹೆಸರಿನದೊಂದು ಫೋಲ್ಡರ್ ಇತ್ತು. ನಾನು ಒತ್ತಿದರೆ ಅದು ತೆರೆಯುತ್ತಿರಲಿಲ್ಲ. ಏನಿದೆ ಎಂದು ಕೇಳಿದಾಗ, "ಏನಿಲ್ಲ ಕಣೆ, ಹಾಳೂ ಮೂಳೂ" ಎಂದಿದ್ದರು.

ಒಂದು ಬೆಳಿಗ್ಗೆ ಶೇವ್ ಮಾಡಿಕೊಳ್ಳುತ್ತಿದ್ದವರು ಬಚ್ಚಲುಮನೆಯಲ್ಲೇ ಕುಸಿದರು. ಸ್ಟ್ರೋಕ್ ಎಂದರು ಡಾಕ್ಟರು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಬಲಗೈ ಸತ್ತಂತಿತ್ತು, ಮಾತು ಹೋಗಿತ್ತು. ಉಳಿದದ್ದು "ಬುಧವಾರ" ಎಂಬ ಒಂದೇ ಪದ. ನೀರು ಬೇಕಾದರೂ ಬುಧವಾರ, ಫ್ಯಾನು ಹಾಕಬೇಕಾದರೂ ಬುಧವಾರ. ನೋಡಲು ಬಂದ ನೆಂಟರು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಗಂಜಿ ಕಾಯಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ. ರಜೆ ಮುಗಿದ ಮೇಲೆ, ಹಗಲು ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತುಮಾಡಿ ಕಾಲೇಜಿಗೆ ಹೋಗತೊಡಗಿದೆ.

ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಕಂಪ್ಯೂಟರಿನಲ್ಲೇ ಕನ್ನಡದಲ್ಲಿ ಟೈಪ್ ಮಾಡಿ ಕೊಡಬೇಕೆಂದು ಕಾಲೇಜಿನವರು ಹೇಳಿದರು. ಕನ್ನಡ ಅಕ್ಷರಗಳ ಸಿ.ಡಿ.ಯನ್ನೂ ಕೊಟ್ಟರು. ಮನೆಯಲ್ಲಿ ಅದನ್ನು ಹಾಕಿದೊಡನೆ ಪಾಸ್‌ವರ್ಡ್ ಕೇಳಿತು. ಅವರನ್ನು ಮೆಲ್ಲಗೆ ನಡೆಸಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದೆ.

"ರೀ, ಪಾಸ್‌ವರ್ಡ್ ಕೇಳ್ತಿದೆ. ಹಾಕ್ತೀರಾ?"

ಅವರು ಪರದೆ ನೋಡಿದರು. ಆಮೇಲೆ ಎಡಗೈ ಎತ್ತಿ ಕಿಟಕಿಯ ಕಡೆ ಬೀಸಿದರು. ನಾನು ತಿರುಗಿದೆ. ಹಿಂದೆ ಕೀಲಿಗಳ ಸದ್ದು ಕೇಳಿಸಿತು, ನಿಂತಿತು. ತಪ್ಪು ಎಂದು ಬಂತು. ಮತ್ತೆ ಕೈ ಬೀಸಿದರು, ಮತ್ತೆ ತಿರುಗಿದೆ. ಹೀಗೇ ಬಹಳ ಹೊತ್ತು ನಡೆಯಿತು. ಕೊನೆಗೊಮ್ಮೆ ನಾನು ತಿರುಗದೆ ನೋಡಿದೆ. ಅವರು ಒಂದೇ ಕೀಲಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. "ಸಾಕು ಬಿಡಿ" ಎಂದೆ. "ಬುಧವಾರ" ಎಂದರು, ಸಿಟ್ಟಿನಿಂದ.

ಭಾನುವಾರ ನಮ್ಮ ಕಾಲೇಜಿನ ಕಂಪ್ಯೂಟರ್ ವಿಭಾಗದ ಸಹೋದ್ಯೋಗಿಯೊಬ್ಬರು ಮನೆಗೆ ಬಂದರು. ಯಂತ್ರವನ್ನು ಬೇರೊಂದು ರೀತಿಯಲ್ಲಿ ಶುರುಮಾಡಿ, ಕಾಫಿ ಆರುವುದರೊಳಗೆ ಬೀಗ ಬಿಡಿಸಿದರು. ನಮ್ಮ ಮನೆಯವರು ಪಕ್ಕದಲ್ಲೇ ಕುಳಿತಿದ್ದರು.

"ಇನ್ಮೇಲೆ ನೀವೇ ಅಡ್ಮಿನ್, ಮೇಡಂ" ಎಂದರು ಆಕೆ. ನಂತರ ದನಿ ತಗ್ಗಿಸಿ, "ಸಾರ್ ಅಕೌಂಟ್ ಏನ್ ಮಾಡ್ಲಿ? ಹಾಗೇ ಇರ್ಲಾ, ಲಿಮಿಟೆಡ್ ಮಾಡ್ಲಾ? ಗೊತ್ತಿಲ್ದೆ ಏನಾದ್ರೂ ಒತ್ತಿಬಿಟ್ರೆ ಕಷ್ಟ."

"ಲಿಮಿಟೆಡ್ ಮಾಡಿ" ಎಂದೆ. ನಮ್ಮ ಮನೆಯವರು ನನ್ನನ್ನು ನೋಡಿದರು. ಅರ್ಥವಾಯಿತೋ ಇಲ್ಲವೋ. ನಾನು ಲೋಟ ತೆಗೆದುಕೊಂಡು ಒಳಗೆ ಹೋದೆ.

ಆ ಸಂಜೆ ಅವರು ತಾವಾಗಿಯೇ ಕಂಪ್ಯೂಟರಿನ ಮುಂದೆ ಕುಳಿತು, ಈಗ ಪಾಸ್‌ವರ್ಡ್ ಕೇಳದ ತಮ್ಮ ಅಕೌಂಟಿನಿಂದ ತಮ್ಮ ಫೋಲ್ಡರನ್ನು ಒತ್ತಿದರು. ಅದರ ಒಡೆತನವೂ ಬೆಳಿಗ್ಗೆಯೇ ನನ್ನ ಹೆಸರಿಗೆ ಬದಲಾಗಿತ್ತು. ಅನುಮತಿ ಇಲ್ಲ ಎಂದು ಬಂತು. ಮತ್ತೆ ಒತ್ತಿದರು. ನನ್ನ ಕಡೆ ತಿರುಗಲಿಲ್ಲ, ಬುಧವಾರ ಎನ್ನಲೂ ಇಲ್ಲ.

ನಾನು ನನ್ನ ಅಕೌಂಟಿನಿಂದ ಅದನ್ನು ತೆರೆದೆ. ಒಳಗೆ ಗೇಟುಗಳ ಫೋಟೋಗಳಿದ್ದವು. ಚಾಮರಾಜಪೇಟೆ, ಬಸವನಗುಡಿಯ ಹಳೆಯ ಮನೆಗಳ ಕಬ್ಬಿಣದ ಗೇಟು, ಮರದ ಗೇಟು, ಬಳ್ಳಿ ಹಬ್ಬಿದ ಗೇಟು. ಬೆಳಗಿನ ವಾಕಿಂಗ್‌ಗೆ ಕ್ಯಾಮೆರಾ ಒಯ್ಯುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಕೆಲವು ಮನೆಗಳು ಅಷ್ಟರಲ್ಲಾಗಲೇ ಅಪಾರ್ಟ್‌ಮೆಂಟುಗಳಾಗಿದ್ದವು. ಇದನ್ನೇಕೆ ಮುಚ್ಚಿಟ್ಟರೋ ತಿಳಿಯಲಿಲ್ಲ. ಸಂತೋಷವಾಗಲಿ ದುಃಖವಾಗಲಿ ಆಗಲಿಲ್ಲ. ನೋಡಿದೆ, ಅಷ್ಟೆ.

ಸಹೋದ್ಯೋಗಿಗೆ ಫೋನ್ ಮಾಡಿ, ಅವರು ಹೇಳಿದಂತೆ ಫೋಲ್ಡರಿಗೆ ನಮ್ಮ ಮನೆಯವರ ಹೆಸರನ್ನು ಸೇರಿಸಿದೆ. ನೋಡಲು ಮಾತ್ರ ಬಿಡಬೇಕೇ, ತಿದ್ದಲು, ಅಳಿಸಲೂ ಬಿಡಬೇಕೇ ಎಂದು ಬೇರೆ ಬೇರೆ ಚೌಕಗಳಿದ್ದವು. ಎಲ್ಲಕ್ಕೂ ಗುರುತು ಹಾಕಿದೆ.

ಆಮೇಲೆ ದಿನವೂ ಸಂಜೆ ಅವರು ಗೇಟುಗಳನ್ನು ನೋಡುತ್ತಾ ಕೂರತೊಡಗಿದರು. ನಾನು ಅದೇ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕೆಲವು ತಿಂಗಳಾದ ಮೇಲೆ ನೋಡಿದರೆ ಫೋಟೋಗಳು ಕಡಿಮೆಯಾಗಿದ್ದವು. ಕೈತಪ್ಪಿ ಅಳಿಸಿದರೋ, ಆರಿಸಿ ಅಳಿಸಿದರೋ ಗೊತ್ತಾಗಲಿಲ್ಲ. ನಾನು ಕೇಳಲಿಲ್ಲ. ಮಾತು ಅಲ್ಪಸ್ವಲ್ಪ ಮರಳುವ ಹೊತ್ತಿಗೆ ಫೋಲ್ಡರಿನಲ್ಲಿ ಉಳಿದದ್ದು ಕೆಲವೇ ಗೇಟುಗಳು. ಅವುಗಳಲ್ಲೊಂದನ್ನು ತೋರಿಸಿ, ತಡೆದು ತಡೆದು, "ಇದು ಚೆನ್ನಾಗಿದೆ" ಎಂದರು. ಹೌದು ಎಂದೆ.