ಸೀರೆ ತೋರಿಸಿ ಡಾಕ್ಟರನ್ನು ಆರಿಸಿದ್ದು

ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ ಸೀರೆ ನೇಯುತ್ತಿದ್ದ, ನಾನು ರಾಟೆ ತಿರುವಿ ಅವನ ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದೆ. ಎರಡೂ ಕಣ್ಣಿಗೆ ಪೊರೆ ಬಂದು ಹರಿದ ಎಳೆ ಕೈಗೆ ಸಿಗದಂತಾಯಿತು. ರಾಟೆ ಸೊಸೆಯ ಪಾಲಾದರೆ ನಾನು ಕಟ್ಟೆಯ ಮೇಲೆ ಕುಳಿತು ಓಣಿಯ ನಾಯಿ ಎಣಿಸಬೇಕು. ಪೊರೆ ತೆಗೆದು ಕಣ್ಣಿನೊಳಗೇ ಲೆನ್ಸ್ ಕೂಡಿಸುವುದು ಆಗ ನಮ್ಮ ಕಡೆ ಹೊಸದು.

ಯಾವ ಡಾಕ್ಟರ ಹತ್ತಿರ ಹೋಗಬೇಕೆಂದು ಮನೆಯಲ್ಲಿ ಸಭೆ ಕೂಡಿತು. ಕಣ್ಣು ನನ್ನದು, ಮಾತೆಲ್ಲ ಉಳಿದವರದು. ಲೆನ್ಸ್ ಹಾಕುವವರು ಜಮಖಂಡಿಯಲ್ಲಿ ಒಬ್ಬರು, ಮುಧೋಳದಲ್ಲಿ ಒಬ್ಬರು. ಮಗನಿಗೆ ಜಮಖಂಡಿಯವರೇ ಆಗಬೇಕು.

"ಅವರ ದವಾಖಾನ್ಯಾಗ ನೆಲಕ್ಕ ಎಂಥಾ ಫರಸಿ ಹಾಸ್ಯಾರ ಗೊತ್ತೇನಬೇ? ಮುಧೋಳದಾಂವ ಬರೇ ಬಯ್ತಾನಂತ."

"ನಾ ಏನ್ ಫರಸಿ ಮ್ಯಾಲೆ ಮಲಗಾಕ ಹೊಂಟೀನೇನಲೇ?" ಎಂದೆ.

ಸೀರೆ ಕೊಳ್ಳುವವರು ನೇಕಾರನ ಮುಖ ನೋಡುವುದಿಲ್ಲ, ಬಟ್ಟೆ ನೋಡುತ್ತಾರೆ. ನಾನೂ ಹಾಗೇ ಮಾಡಿದೆ. ಮಗ ಒಂದು ಕಡೆ ಎಳೆ ಬಿಟ್ಟು ತಪ್ಪಾಗಿ ನೇಯ್ದಿದ್ದ ಒಂದು ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು, ಜಮಖಂಡಿಯಲ್ಲಿ ಲೆನ್ಸ್ ಹಾಕಿಸಿಕೊಂಡಿದ್ದ ಮಾಸ್ತರರ ಮನೆಗೆ ಹೋದೆ. ಡಾಕ್ಟರು ದೇವರಂಥವರು, ಚಹಾ ಸಹ ಕೊಟ್ಟರು ಎಂದು ಹೊಗಳಿದರು. ಸೀರೆ ಬಿಚ್ಚಿ, "ತಪ್ಪು ಎಲ್ಲೈತಿ ನೋಡ್ರಿ" ಎಂದೆ. ಬಹಳ ಹೊತ್ತು ಸವರಿ, "ಛಲೋ ಐತಲ್ಲವಾ, ಎಷ್ಟಕ್ಕ ಕೊಡ್ತಿ?" ಎಂದರು.

ಮುಧೋಳದಲ್ಲಿ ಮಾಡಿಸಿಕೊಂಡವಳು ರಬಕವಿಯ ಒಬ್ಬ ಮುದುಕಿ. ನನ್ನನ್ನು ಒಳಗೆ ಕರೆದದ್ದೇ ಬೈಗುಳದಿಂದ.

"ಆ ಡಾಕ್ಟರನ ಬಾಯಿಗಿ ಬೆಂಕಿ ಹಾಕ. ಅಳಗಾಡಿದರ ಕುಡ್ಡಿ ಆಗತೀದಿ ನೋಡು ಅಂದ್ನವಾ. ಹಿರ್ಯಾರ ಜೋಡಿ ಹಿಂಗ ಮಾತಾಡ್ತಾರೇನು?" ಅಷ್ಟರಲ್ಲಿ ಸೀರೆ ಅರ್ಧ ಬಿಚ್ಚಿದ್ದೆ. "ಇದನ್ಯಾವ ಕುಡ್ಡ ನೇಯ್ದಾನ? ಇಲ್ಲಿ ಎಳಿ ಬಿಟ್ಟೈತಿ."

"ನನ್ನ ಮಗ" ಎಂದೆ.

ಮುಧೋಳಕ್ಕೆ ಹೋದೆವು. ಕೂತೊಡನೆ ಡಾಕ್ಟರನ್ನು ಕೇಳಿದೆ: "ನೀವು ಮಾಡಿದ್ದು ಯಾರದರ ಕೆಟ್ಟೈತೇನ್ರಿ?"

ಮಗ ನನ್ನ ಸೆರಗು ಜಗ್ಗಿದ.

"ಇಬ್ಬರದು ಕೆಟ್ಟೈತಿ. ಯಾಕ ಕೆಟ್ಟಿತು ಹೇಳ್ತೀನಿ, ಬಾಯಿ ಮುಚಗೊಂಡು ಕೇಳು ಮುದುಕಿ" ಎಂದ ಡಾಕ್ಟರ.

ಕೇಳಿದೆ. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೆ ಅವನು ಮುಚ್ಚಿಡಲಿಲ್ಲ. "ಹಂಗಾದ್ರ ಮಾಡ್ರಿ" ಎಂದೆ.

ಎರಡು ತಿಂಗಳಿಗೆ ಹರಿದ ಎಳೆಯನ್ನು ನಾನೇ ಹುಡುಕಿ ಗಂಟು ಹಾಕಿದೆ. ರಾಟೆ ನನ್ನಲ್ಲೇ ಉಳಿಯಿತು. ಸೊಸೆ ಮೂಲೆಯಲ್ಲಿ ಬಿಟ್ಟ ಕಸವೂ ಈಗ ಚೆನ್ನಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಆ ಡಾಕ್ಟರನನ್ನು ಬಯ್ಯುವವಳು ಅವಳೊಬ್ಬಳೇ.