ಡಿಂಪ್ನಾ ಸಕ್ಕರೆ ಹಾಕಿದ ಶನಿವಾರ

ನಮ್ಮ ಡಬ್ಲಿನ್ನಿನ ಜನ ಮಳೆಯನ್ನು ದೂರುತ್ತಾರೆ, ಸರ್ಕಾರವನ್ನು ದೂರುತ್ತಾರೆ, ಕುದುರೆ ಪಂದ್ಯದಲ್ಲಿ ಗೆದ್ದರೂ ಇನ್ನಷ್ಟು ಕಟ್ಟಬೇಕಿತ್ತು ಎಂದು ದೂರುತ್ತಾರೆ. ಆದರೆ ತಟ್ಟೆಯಲ್ಲಿರುವ ಊಟ ಕೆಟ್ಟಿದೆ ಎಂದು ಅಡುಗೆಯವರ ಮುಖಕ್ಕೆ ಹೇಳುವವನನ್ನು, ಪಬ್ಬಿನ ಕೌಂಟರಿನ ಹಿಂದೆ ಮೂವತ್ತು ವರ್ಷ ನಿಂತ ಮ್ಯಾಲಕಿ ಎಂಬ ನಾನು ಕಂಡಿರಲಿಲ್ಲ. ಹೇಗಿದೆ ಎಂದರೆ ಚೆನ್ನಾಗಿದೆ. ಬೈಗುಳವೇನಿದ್ದರೂ ಬಾಗಿಲು ದಾಟಿದ ಮೇಲೆ. ನಾನೂ ಅದೇ ಪೈಕಿ. ಈ ನಮ್ಮ ಒಳ್ಳೆಯತನ ಒಂದು ವರ್ಷ ಡಿಂಪ್ನಾ ಕೀಯೋಳನ್ನು ಪಬ್ಬಿನ ಅಡುಗೆಮನೆಯಿಂದ ಓಡಿಸುವುದರಲ್ಲಿತ್ತು. ಓಡಿಸಲಿಲ್ಲ. ನೆನೆದರೆ ಈಗಲೂ ಎದೆ ಹಗುರಾಗುತ್ತದೆ.

ಡಿಂಪ್ನಾ ನಮ್ಮ ಥಾಮಸ್ ಬೀದಿಯ ಹಿಂದಿನ ಸಂದಿಯವಳು, ಒಂಬತ್ತು ಮಕ್ಕಳಲ್ಲಿ ಮೂರನೆಯವಳು. ಹದಿನಾಲ್ಕಕ್ಕೇ ಬಿಸ್ಕತ್ತು ಕಾರ್ಖಾನೆ ಸೇರಿದಳು. ಅದು ಬಾಗಿಲು ಮುಚ್ಚಿದ ವರ್ಷವೇ ಗಂಡ ಕ್ರಿಸ್ಟಿ ತೀರಿಕೊಂಡ. ಮಣ್ಣು ಮುಗಿಸಿ ಬಂದವರಿಗೆ ನಮ್ಮ ಪಬ್ಬಿನಲ್ಲೇ ಸೂಪು, ಸ್ಯಾಂಡ್‌ವಿಚ್ಚು ಇಟ್ಟಿದ್ದರು. ಆಗಿನ ಅಡುಗೆಯವನ ಸೂಪು ಪಾತ್ರೆ ತೊಳೆದ ನೀರಿನ ಹಾಗಿತ್ತು. ಕಪ್ಪು ಉಡುಪಿನಲ್ಲಿದ್ದ ಡಿಂಪ್ನಾ ಒಂದು ಚಮಚ ಬಾಯಿಗಿಟ್ಟಳು, ಎದ್ದು ಒಳಗೆ ಹೋಗಿ ಉಡುಪಿನ ತೋಳು ಮಡಚಿದಳು. ಮುಕ್ಕಾಲು ಗಂಟೆಯಲ್ಲಿ ಬೇರೆಯೇ ಸೂಪು ಹೊರಬಂತು. ಆ ಸೋಮವಾರದಿಂದ ಒಲೆ ಅವಳದಾಯಿತು.

ಗುರುವಾರ ಕುರಿಮಾಂಸದ ಸ್ಟೂ. ಚಮಚ ಮುಟ್ಟಿಸಿದರೆ ಮೂಳೆಯಿಂದ ಮಾಂಸ ತಾನೇ ಬಿಟ್ಟುಕೊಳ್ಳುತ್ತಿತ್ತು. ಮಂಗಳವಾರ ಉಪ್ಪು ಹಾಕಿಟ್ಟ ಹಂದಿಮಾಂಸ, ಅದೇ ನೀರಿನಲ್ಲಿ ಬೇಯಿಸಿದ ಎಲೆಕೋಸು. ಶನಿವಾರ ಕಾಡಲ್: ಸಾಸೇಜು, ಹಂದಿಮಾಂಸದ ಚೂರು, ಈರುಳ್ಳಿ, ಆಲೂಗಡ್ಡೆ ಎಲ್ಲವೂ ಒಂದೇ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬೆಂದ ಬಿಳಿಚಿದ ಸಾರು. ನೋಡಲು ಏನೇನೂ ಚೆಂದವಿಲ್ಲ. ತಿಂದವನು ಮಾತ್ರ ಬ್ರೆಡ್ಡಿನ ತುಂಡಿನಲ್ಲಿ ಬಟ್ಟಲು ಒರೆಸಿ ಒರೆಸಿ ಏಳುತ್ತಿದ್ದ. ಅವಳು ಯಾವುದನ್ನೂ ಅಳೆದು ಹಾಕಿದವಳಲ್ಲ. ಮಾಂಸವನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ನಾಲಿಗೆಗೆ ಮುಟ್ಟಿಸಿ, ಉಪ್ಪು ಎಷ್ಟು ಬಿಟ್ಟಿದೆ ಎಂದು ತಿಳಿಯುತ್ತಿದ್ದಳು.

ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಆಮೇಲೊಂದು ಜನವರಿಯಲ್ಲಿ ಕೆಟ್ಟ ಜ್ವರ ಬಂತು. ಹದಿನೈದು ದಿನಕ್ಕೆ ಎದ್ದು ಬಂದವಳು ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಚ್ಚಿದಳು.

"ಮ್ಯಾಲಕಿ, ನನ್ನ ಮೂಗೂ ಹೋಗಿದೆ, ನಾಲಿಗೇನೂ ಹೋಗಿದೆ. ಬೆಣ್ಣೆ ತಿಂದ್ರೂ ಮೇಣದಬತ್ತಿ ತಿಂದ ಹಾಗಿದೆ. ಡಾಕ್ಟ್ರು ಕಾಯ್ಬೇಕು ಅಂತಾರೆ."

"ಬರುತ್ತೆ ಬಿಡು."

"ಬರೋವರೆಗೂ ನೀನೇ ನನ್ನ ನಾಲಿಗೆ. ಸರಿಯಿಲ್ಲ ಅಂದ್ರೆ ಸರಿಯಿಲ್ಲ ಅನ್ಬೇಕು. ಇಲ್ಲದಿದ್ರೆ ನಾನು ಈ ಒಲೆ ಮುಂದೆ ನಿಲ್ಲಲ್ಲ. ಜನಕ್ಕೆ ಕಸ ಬಡಿಸಿ ಹೊಗಳಿಸಿಕೊಳ್ಳೋ ಜಾಯಮಾನ ನಂದಲ್ಲ."

ಮಾತು ಕೊಟ್ಟೆ. ಮರುದಿನದ ಮಂಗಳವಾರ ಅವಳು ಚಮಚ ಹಿಡಿದು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಬಾಯಿಗೆ ಹಾಕಿಕೊಂಡೆ. ಬಂದರಿನ ಉಪ್ಪುನೀರನ್ನೇ ಕುಡಿದಂತಾಯಿತು. ಆದರೆ ಜ್ವರದಲ್ಲಿ ಬಡಕಲಾದ ಅವಳ ಕೆನ್ನೆ ನೋಡಿದೆ, ಕಣ್ಣು ನೋಡಿದೆ, ಯಥಾರ್ಥವಾದಿ ಲೋಕವಿರೋಧಿ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ ಎಂದುಕೊಂಡೆ. "ಚೆನ್ನಾಗಿದೆ" ಎಂದೆ. ಒಮ್ಮೆ ಹಾಗೆಂದ ಮೇಲೆ ಎರಡನೆಯ ದಿನ ಬೇರೆ ಮಾತು ಹೇಳುವುದು ಹೇಗೆ? ಬಿಸಿತುಪ್ಪವಾಯಿತು. ಉಗುಳಲೂ ಆಗದೆ ನುಂಗಲೂ ಆಗದೆ ಏಳು ವಾರ ಕಳೆದೆ.

ಗಿರಾಕಿಗಳೂ ತುಟಿಪಿಟಕ್ ಎನ್ನಲಿಲ್ಲ. ಪೀಪಾಯಿ ಮಾಡುವ ಕೆಲಸದಿಂದ ನಿವೃತ್ತನಾದ ಮುದುಕ ಬಾರ್ಟಲ್ ಟೂಹಿ ಬೆವರುತ್ತಾ ತಟ್ಟೆ ಖಾಲಿ ಮಾಡುತ್ತಿದ್ದ. ಬೀದಿಯಲ್ಲಿ ಹಣ್ಣು ಮಾರುವ ಅಸಂಪ್ಟಾ ಬ್ರೀನ್ ಬಿಷಪ್ಪನ ಜೊತೆಗೂ ಜಗಳಕ್ಕೆ ನಿಲ್ಲುವ ಹೆಂಗಸು. ಅವಳೂ "ಚೆನ್ನಾಗಿದೆ ಕಣೇ" ಎಂದು ಎರಡು ಲೋಟ ನೀರು ಇಳಿಸಿ ಹೋಗುತ್ತಿದ್ದಳು. ಬಾಯಾರಿದ ಜನ ಬಿಯರನ್ನೂ ಹೆಚ್ಚು ಕುಡಿದರು. ಪಬ್ಬಿನ ಮಾಲೀಕನಿಗೆ ಖುಷಿಯೋ ಖುಷಿ.

ಆದರೆ ಡಿಂಪ್ನಾ ಕುರುಡಿಯಾಗಿರಲಿಲ್ಲ. ನೀರಿನ ಜಗ್ಗುಗಳು ಮತ್ತೆ ಮತ್ತೆ ಒಳಗೆ ಬರುವುದನ್ನು ಕಂಡಳು.

"ಈ ಅಂಗಡೀಲಿ ಯಾರೂ ನೀರು ಕೇಳಿದ್ದು ನಾನು ಕಂಡಿಲ್ಲ. ಏನಾಗಿದೆ ಇವರಿಗೆ?"

"ಈಸ್ಟರ್ ಉಪವಾಸ ಅಲ್ವಾ," ಎಂದೆ. "ಕುಡಿಯೋದು ಬಿಟ್ಟಿದ್ದಾರೆ."

ಅವಳು ನನ್ನನ್ನು ಒಂದು ಗಳಿಗೆ ನೋಡಿ, ಜಗ್ಗು ತುಂಬಿಸಿ ಕೊಟ್ಟಳು. ಆ ಉಪವಾಸದವರಿಗೆ ನಾನು ಬಿಯರು ಸುರಿಯುತ್ತಿರುವುದು ಅಡುಗೆಮನೆಯ ಕಿಂಡಿಯಿಂದ ಕಾಣುತ್ತದೆಂಬುದು ನನಗೆ ಹೊಳೆಯಲೇ ಇಲ್ಲ.

ಆ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಎಲ್ಲರಿಗೂ ಕಾಡಲ್ ಬಡಿಸಿ ಡಿಂಪ್ನಾ ತಾನೇ ಹೊರಗೆ ಬಂದಳು. ಹಾಗೆ ಬರುವವಳಲ್ಲ. ನನಗೂ ಒಂದು ಬಟ್ಟಲು ಕೊಟ್ಟಿದ್ದಳು. ಮೊದಲ ಚಮಚಕ್ಕೇ ನನ್ನ ದವಡೆ ನಿಂತುಹೋಯಿತು. ಸಾಸೇಜು ಪಾಯಸದಲ್ಲಿ ಬೆಂದಿತ್ತು.

"ಹೇಗಿದೆ ಬಾರ್ಟಲ್?"

"ಚೆನ್ನಾಗಿದೆ ತಾಯಿ."

"ಅಸಂಪ್ಟಾ?"

"ಚೆನ್ನಾಗಿದೆ ಕಣೇ, ಎಂದಿನ ಹಾಗೆ."

ಅವಳು ನನ್ನ ಕಡೆ ತಿರುಗಿದಳು. ಪಾಪಿ ನಾನು, "ಚೆನ್ನಾಗಿದೆ" ಎಂದೆ.

ಡಿಂಪ್ನಾ ಏಪ್ರನ್ ಬಿಚ್ಚಿ ಕೌಂಟರಿನ ಮೇಲಿಟ್ಟಳು. "ಇಡೀ ಬಟ್ಟಲು ಸಕ್ಕರೆ ಸುರಿದಿದ್ದೀನಿ ಅದಕ್ಕೆ. ನನ್ನ ನಾಲಿಗೆ ಜನವರಿಯಿಂದ ಸತ್ತಿದೆ. ನಿಮ್ಮ ನಾಲಿಗೆಗಳಿಗೆ ಏನಾಗಿದೆ? ಒಬ್ಬರಾದ್ರೂ ನಿಜ ಹೇಳಿದ್ರೆ ಇರೋಣ ಅಂದ್ಕೊಂಡಿದ್ದೆ. ನೀನೂ ಸಹ, ಮ್ಯಾಲಕಿ."

ಆ "ನೀನೂ ಸಹ" ನನಗೆ ಹೊಡೆದ ಹಾಗೆ ತಾಗಿತು. ಅವಳು ಕೋಟು ಹಾಕಿಕೊಳ್ಳತೊಡಗಿದಳು. ಇಪ್ಪತ್ತೆರಡು ವರ್ಷ ಅವಳ ಕೈಯಲ್ಲಿ ಉಂಡ ಜನ, ಎಲ್ಲರೂ ಬಟ್ಟಲು ನೋಡುತ್ತಾ ಕೂತಿದ್ದರು. ಅವಳು ಬಾಗಿಲ ಹತ್ತಿರ ಹೋದಾಗ ಬಾರ್ಟಲ್ ಚಮಚ ಕೆಳಗಿಟ್ಟ.

"ಹೋಗು. ಆದ್ರೆ ಮಂಗಳವಾರದ ಮಾಂಸದ ಬಗ್ಗೆ ಒಂದು ಮಾತು ಕೇಳ್ಕೊಂಡು ಹೋಗು."

"ಏನು?"

"ಅದನ್ನ ತಿಂದು ನನ್ನ ಕಾಲು ಊದ್ಕೊಂಡಿದೆ. ಬೂಟು ಹಿಡೀತಿಲ್ಲ."

ಯಾರೋ ಕಿಸಕ್ಕೆಂದರು. ಅಸಂಪ್ಟಾ ಎದ್ದು ನಿಂತಳು. "ಗುರುವಾರದ ಸ್ಟೂ ಇದೆಯಲ್ಲ, ಅದರಲ್ಲಿ ಮೆಣಸು ಎಷ್ಟಿತ್ತು ಅಂದ್ರೆ ಬೀದೀಲಿ ನಾನು ಸೀನಿ ಸೀನಿ ಗಿರಾಕಿಗಳೇ ಓಡಿಹೋದ್ರು. ಎಲೆಕೋಸಂತೂ ನಮ್ಮನೆ ಬೆಕ್ಕೂ ಮೂಸಲಿಲ್ಲ."

"ಬೆಕ್ಕು ಎಲೆಕೋಸು ತಿನ್ನುತ್ತೇನೇ?"

"ನಿನ್ನ ಎಲೆಕೋಸು ತಿಂತಿತ್ತು, ಮೊದಲು."

ಆಮೇಲೆ ಕಟ್ಟೆ ಒಡೆಯಿತು. ಮೂಲೆಯ ಮೇಜಿನವರು ಮೀನಿನ ಬಗ್ಗೆ ಹೇಳಿದರು, ಕಿಟಕಿಯ ಪಕ್ಕದವರು ಸೂಪಿನ ಬಗ್ಗೆ ಹೇಳಿದರು. ಏಳು ವಾರದ ದೂರು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು. ಉಪವಾಸದ ಮಾತು ಸುಳ್ಳು, ಮೊದಲ ದಿನದಿಂದಲೂ ಉಪ್ಪೇ ಎಂದು ನಾನೂ ಒಪ್ಪಿಕೊಂಡೆ. ಡಿಂಪ್ನಾ ಕೋಟಿನಲ್ಲೇ ನಿಂತು, ಹಸಿದವಳಂತೆ "ಮತ್ತೆ? ಮತ್ತೆ?" ಎಂದು ಕೇಳುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುತ್ತಲೂ ಇದ್ದಳು.

"ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ ಕಣ್ರೋ," ಎಂದಳು. "ಕೈ ಏನೋ ತಪ್ಪು ಮಾಡ್ತಿದೆ ಅನ್ಸೋದು, ಕೇಳಿದ್ರೆ ನೀವೆಲ್ಲ ಚೆನ್ನಾಗಿದೆ ಅನ್ನೋರು. ಇಷ್ಟು ಕೆಟ್ಟದಾಗಿದ್ರೆ ಯಾಕೆ ಬರ್ತಿದ್ರಿ?"

"ಬರದಿದ್ರೆ ನೀನು ಬೇಜಾರು ಮಾಡ್ಕೊಳ್ತೀಯಲ್ಲ," ಎಂದ ಬಾರ್ಟಲ್.

ಮಂಗಳವಾರ ಬೆಳಿಗ್ಗೆ ಹತ್ತಕ್ಕೇ ಅವನು ಚಪ್ಪಲಿಯಲ್ಲಿ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ನೆನೆಹಾಕಿದ ನೀರಿಗೆ ಬೆರಳದ್ದಿ ನೆಕ್ಕಿದ. "ಇನ್ನೂ ಉಪ್ಪು, ಬದಲಾಯಿಸು." ಬದಲಾಯಿಸಿದಳು. ಮತ್ತೆ ನೆಕ್ಕಿದ, ಮತ್ತೆ ಬದಲಾಯಿಸಿದಳು. ಬೆಂದ ಮೇಲೆ ಒಂದು ಚೂರು ಅಗಿದು, ಎಲೆಕೋಸು ತಿಂದು, ಜೊತೆಗೆ ಮಾಡಿದ್ದ ಸಾಸನ್ನೂ ನೆಕ್ಕಿದ.

"ಈಗ?"

"ಮಾಂಸ ಸರಿಯಾಗಿದೆ. ಸಾಸು ಸಪ್ಪೆ."

ಏಳು ವಾರದಿಂದ ಹಿಡಿದಿಟ್ಟಿದ್ದ ಉಸಿರನ್ನು ಅವಳು ಆಗ ಬಿಟ್ಟಳು. ನನಗೂ ಹಾಗೇ ಆಯಿತು. ಸಾಸಿಗೆ ಒಂದು ಚಿಟಿಕೆ ಉಪ್ಪು ಬಿತ್ತು, ಬಾರ್ಟಲ್ ತಲೆಯಾಡಿಸಿದ.

ಎಲ್ಲರಿಗೂ ಬಡಿಸಿಯಾದ ಮೇಲೆ ಅವಳು ಇನ್ನೊಂದು ತಟ್ಟೆ ತುಂಬಿಸಿಕೊಂಡು ಹೊರಬಂದು ಅಸಂಪ್ಟಾಳ ಪಕ್ಕ ಕೂತಳು. ಜ್ವರ ಬಂದಾಗಿನಿಂದ ಚಹಾ, ಬ್ರೆಡ್ಡು ಬಿಟ್ಟು ಬೇರೇನೂ ಅವಳ ಗಂಟಲಿಗಿಳಿದಿರಲಿಲ್ಲ. ಮಾಂಸ ಕತ್ತರಿಸಿ, ಸಾಸಿನಲ್ಲಿ ಅದ್ದಿ, ನಿಧಾನವಾಗಿ ಅಗಿದಳು. ಒಂದು ಚೂರೂ ಬಿಡಲಿಲ್ಲ.

"ಹೇಗಿದೆ?" ಎಂದು ಅಸಂಪ್ಟಾ ಕೇಳಿದಳು.

ಡಿಂಪ್ನಾ ಬ್ರೆಡ್ಡಿನಿಂದ ತಟ್ಟೆ ಒರೆಸುತ್ತಾ, "ಚೆನ್ನಾಗಿದೆಯಂತೆ," ಎಂದಳು.